ಮನೆಯ ಪೂಲಿಗೆ ಉಪ್ಪಿನ ಕ್ಲೋರಿನ್ ಜನರೇಟರ್: ಪೈಪ್ ಕತ್ತರಿಸುವ ಮೊದಲು ಇದನ್ನು ಓದಿ

ಉಡುಪಿ ಹತ್ತಿರದ ಕಟಪಾಡಿಯಲ್ಲಿ ಅಕ್ಕನ ಮನೆಯ ಪೂಲಿಗೆ ಮಳೆಗಾಲಕ್ಕೆ ಸ್ವಲ್ಪ ಮೊದಲು ಉಪ್ಪಿನ ಕ್ಲೋರಿನ್ ಜನರೇಟರ್ ಕೂರಿಸಿದೆವು. ಎರಡು ದಿನದ ಕೆಲಸ. ಆದರೆ ಮೊದಲು ಜೋಡಿಸಿದ್ದನ್ನು ಪೂರ್ತಿ ಕತ್ತರಿಸಿ ಮತ್ತೆ ಮಾಡಬೇಕಾಯ್ತು. ನಿಮಗೆ ಹಾಗಾಗಬಾರದು, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಮೆಷಿನ್ ಹಾಕಿದರೆ ಪೂಲ್‌ನಲ್ಲಿ ಕ್ಲೋರಿನ್ ಇರುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಉಪ್ಪು ಕರಗಿದ ನೀರು ಸೆಲ್ (ಪೈಪಿನ ನಡುವೆ ಕೂರಿಸುವ, ಕ್ಲೋರಿನ್ ಹುಟ್ಟುವ ಭಾಗ) ಒಳಗಿನ ಟೈಟಾನಿಯಂ ಪ್ಲೇಟುಗಳ ನಡುವೆ ಹೋಗುವಾಗ ಡಿಸಿ ಕರೆಂಟಿನಿಂದ ಅಲ್ಲೇ ಕ್ಲೋರಿನ್ ಹುಟ್ಟುತ್ತದೆ, ಅದು ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಾಗುತ್ತದೆ. ಜೊತೆಗೆ ಹೈಡ್ರೋಜನ್ ಕೂಡ ಹುಟ್ಟುತ್ತದೆ. ನೀರು ಹರಿಯುತ್ತಿದ್ದರೆ ಅದು ಸಣ್ಣ ಗುಳ್ಳೆಗಳಾಗಿ ಪೂಲಿಗೆ ಹೋಗಿ ಗಾಳಿಗೆ ಸೇರುತ್ತದೆ, ತೊಂದರೆ ಇಲ್ಲ. ನೀರು ನಿಂತು ಕರೆಂಟ್ ಮಾತ್ರ ಹೋಗುತ್ತಿದ್ದರೆ ಅದು ಸೆಲ್‌ನಲ್ಲೇ ತುಂಬುತ್ತದೆ. ಉರಿಯುವ ಅನಿಲ ಅದು, ಸೆಲ್ ಸಿಡಿಯಬಹುದು. ಪ್ಲಂಬಿಂಗ್ ಮಾಡುವಾಗ ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ: ನೀರು ಹರಿಯದಿದ್ದರೆ ಸೆಲ್‌ಗೆ ಕರೆಂಟ್ ಹೋಗಲೇಬಾರದು.

ಸೆಲ್ ಎಲ್ಲಿ ಕೂರಬೇಕು? ಎಲ್ಲಕ್ಕಿಂತ ಕೊನೆಯಲ್ಲಿ. ಪಂಪ್, ಫಿಲ್ಟರ್, ಹೀಟರ್ ಇದ್ದರೆ ಹೀಟರ್, ಆಮೇಲೆ ಸೆಲ್, ಅಲ್ಲಿಂದ ಸೀದಾ ಪೂಲಿಗೆ ಹೋಗುವ ರಿಟರ್ನ್ ಲೈನ್. ಸೆಲ್‌ನಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಜಾಸ್ತಿ ಇರುತ್ತದೆ, ಮುಂದೆ ಲೋಹದ ವಸ್ತು ಏನಿದ್ದರೂ ಅದನ್ನು ತಿನ್ನುತ್ತದೆ. ಹೀಟರ್ ಇದ್ದವರು ಹೀಟರಿಗೂ ಸೆಲ್‌ಗೂ ನಡುವೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಲೇಬೇಕು, ಪಂಪ್ ನಿಂತಾಗ ಆ ನೀರು ಹಿಂದಕ್ಕೆ ಬರಬಾರದು ಅಲ್ವಾ.

ಈಗ ಪೈಪಿನ ಅಳತೆ. ನಾವು ಎಡವಿದ್ದು ಇಲ್ಲೇ. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ 'ಎರಡು ಇಂಚು' ಅಂದರೆ ಎರಡು ಬಗೆಯ ಪೈಪ್ ಸಿಗುತ್ತದೆ. ತೋಟಕ್ಕೆ ಹಾಕುವ ಪಿವಿಸಿ ಪೈಪಿನ ಹೊರ ಅಳತೆ 63 ಎಂಎಂ. ಮನೆ ಪ್ಲಂಬಿಂಗಿಗೆ ಬರುವ ಶೆಡ್ಯೂಲ್ 40 ಅಥವಾ 80 ಪೈಪಿನದ್ದು 60.3 ಎಂಎಂ. ಸೆಲ್ ಜೊತೆ ಬಂದ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜಾಯಿಂಟ್) 63ರದ್ದು, ಪೂಲಿನ ಲೈನ್ 60.3ರದ್ದು. ಪ್ಲಂಬರ್ ಪೈಪ್ ಅಂಟಿಸುವ ಸೊಲ್ಯೂಷನ್ ದಪ್ಪಕ್ಕೆ ಬಳಿದು ಒತ್ತಿ ಕೂರಿಸಿಬಿಟ್ಟರು, ನೋಡಲು ಸರಿಯಾಗೇ ಇತ್ತು, ಮರುದಿನ ಪಂಪ್ ಹಾಕಿದ ತಕ್ಷಣ ಜಾಯಿಂಟ್ ಬಿಟ್ಟುಕೊಂಡು ಪಂಪ್ ರೂಮಿನ ತುಂಬಾ ನೀರು. ಸೊಲ್ಯೂಷನ್ ಪೈಪನ್ನು ಕರಗಿಸಿ ಒಂದಾಗಿಸುತ್ತದೆಯೇ ಹೊರತು ಸಂದು ತುಂಬುವ ಗಾರೆ ಅಲ್ಲ. ಅಂಗಡಿಗೆ ಹೋಗುವಾಗ ಸೆಲ್‌ನ ಯೂನಿಯನ್ ಮತ್ತು ಹಳೆ ಪೈಪಿನ ಒಂದು ತುಂಡು ಎರಡನ್ನೂ ಜೊತೆಗೆ ಒಯ್ಯಿರಿ. ಒಣಗಿದ್ದಾಗಲೇ ಪೈಪ್ ಫಿಟ್ಟಿಂಗಿನ ಒಳಗೆ ಬಿಗಿಯಾಗಿ ಹೋಗಬೇಕು. ಅಳತೆ ಬೇರೆಯಾದರೆ ಅದಕ್ಕೆ ಸರಿಯಾದ ಅಡಾಪ್ಟರ್ ತನ್ನಿ.

ಪಂಪಿನ ಕರೆಂಟ್ ತೆಗೆದು, ವಾಲ್ವ್ ಮುಚ್ಚಿ, ಲೈನಿನ ನೀರು ಖಾಲಿ ಮಾಡಿ ಆಮೇಲೆ ಕತ್ತರಿಸಿ. ಕತ್ತರಿಸಿದ ಅಂಚನ್ನು ಉಜ್ಜಿ ನಯ ಮಾಡಿ, ಒರೆಸಿ, ಪ್ರೈಮರ್ ಹಚ್ಚಿ, ಸೊಲ್ಯೂಷನ್ ಎರಡೂ ಕಡೆ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. 24 ಗಂಟೆ ಮುಟ್ಟಬೇಡಿ. ಜೂನ್, ಜುಲೈಯ ತೇವದಲ್ಲಿ ಮಾಡುವುದಾದರೆ ಒಂದೂವರೆ ದಿನ ಬಿಡಿ. ಸೆಲ್‌ನ ಎರಡೂ ಕಡೆ ಯೂನಿಯನ್ ಇರಲೇಬೇಕು, ಯಾಕೆಂದರೆ ತೊಳೆಯಲು ಆಗಾಗ ಬಿಚ್ಚಬೇಕಾಗುತ್ತದೆ. ಯೂನಿಯನ್ನನ್ನು ಕೈಯಲ್ಲೇ ಬಿಗಿ ಮಾಡಿ. ಪೈಪ್ ರೆಂಚ್ ಹಾಕಿದರೆ ಓ-ರಿಂಗ್ ಹಾಳಾಗುತ್ತದೆ.

ಅಡ್ಡಕ್ಕೆ ಕೂರುವ ಸೆಲ್ ಆದರೆ ಪೈಪನ್ನು ಮೇಲಕ್ಕೆ ಒಯ್ದು, ಸೆಲ್ ದಾಟಿಸಿ, ಮತ್ತೆ ಕೆಳಗೆ ಇಳಿಸಿ. ತಲೆಕೆಳಗಾದ 'ಯು' ಆಕಾರ. ನೀರು ನಿಂತಾಗ ಅನಿಲ ಮೇಲಿರುವ ಸೆಲ್‌ನಲ್ಲೇ ಸೇರುತ್ತದೆ, ಪ್ಲೇಟಿನ ಮಟ್ಟದಿಂದ ನೀರು ಇಳಿಯುತ್ತದೆ, ಸೆಲ್‌ನಲ್ಲಿ ಗ್ಯಾಸ್ ಸೆನ್ಸರ್ ಇದ್ದರೆ ಅದು ಕರೆಂಟ್ ಕಡಿಯುತ್ತದೆ. ನಿಮ್ಮ ಸೆಲ್ ನೆಟ್ಟಗೆ ಕೂರುವಂಥದ್ದಾದರೆ ಕೈಪಿಡಿಯಲ್ಲಿ ಹೇಳಿದ ಹಾಗೇ ಮಾಡಿ. ಸೆಲ್ ಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಲಿ.

ಫ್ಲೋ ಸ್ವಿಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನೀರು ಹರಿಯುತ್ತಿದೆಯೋ ಇಲ್ಲವೋ ಅಂತ ಮೆಷಿನ್‌ಗೆ ಹೇಳುವುದು ಅದೇ. ಎಲ್ಬೋ ಆದ ಕೂಡಲೇ ಹಾಕಬೇಡಿ, ಅಲ್ಲಿ ನೀರು ಸುಳಿಯುತ್ತದೆ, ಸ್ವಿಚ್ ತಪ್ಪು ಹೇಳುತ್ತದೆ. ಒಂದು ಅಡಿಯಷ್ಟು ನೇರ ಪೈಪ್ ಆದ ಮೇಲೆ ಹಾಕಿ. ಬೈಪಾಸ್, ಅಂದರೆ ಸೆಲ್ ಬಿಟ್ಟು ನೀರು ಹೋಗುವ ಬದಲಿ ಪೈಪ್ ಮಾಡುವವರು ಇನ್ನೂ ಹುಷಾರಾಗಿರಬೇಕು. ಬೈಪಾಸ್ ಇದ್ದರೆ ಪಂಪ್ ನಿಲ್ಲಿಸದೇ ಸೆಲ್ ಬಿಚ್ಚಬಹುದು, ಒಳ್ಳೆಯದೇ. ಆದರೆ ಸ್ವಿಚ್ ಮುಖ್ಯ ಲೈನಿನಲ್ಲಿದ್ದು, ಸೆಲ್ ಕಡೆಯ ವಾಲ್ವ್ ಮುಚ್ಚಿದ್ದರೆ? ನೀರು ಬೈಪಾಸಿನಲ್ಲಿ ಹರಿಯುತ್ತಿರುತ್ತದೆ, ಸ್ವಿಚ್ 'ಸರಿ ಇದೆ' ಅನ್ನುತ್ತದೆ, ಮುಚ್ಚಿದ ಸೆಲ್‌ನಲ್ಲಿ ಹೈಡ್ರೋಜನ್ ತುಂಬುತ್ತಿರುತ್ತದೆ. ನಮ್ಮ ಮೊದಲ ಜೋಡಣೆ ಹೀಗೇ ಇತ್ತು, ಕೈಪಿಡಿ ಮತ್ತೊಮ್ಮೆ ಓದಿದಾಗಲೇ ಗೊತ್ತಾಗಿದ್ದು. ಸ್ವಿಚ್ ಯಾವಾಗಲೂ ಸೆಲ್ ಇರುವ ಕವಲಿನಲ್ಲೇ ಇರಬೇಕು.

ವೈರಿಂಗ್ ಎಲೆಕ್ಟ್ರಿಷಿಯನ್‌ಗೇ ಬಿಡಿ, ಆದರೆ ಮೂರು ವಿಷಯ ಕೇಳಿ ಮಾಡಿಸಿ. ಪಂಪ್ ಓಡುವಾಗ ಮಾತ್ರ ಮೆಷಿನ್‌ಗೆ ಕರೆಂಟ್ ಬರುವಂತೆ ಎರಡನ್ನೂ ಒಂದೇ ಟೈಮರಿಗೆ ಕೊಡಬೇಕು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಬೇಕು. ಅರ್ಥಿಂಗ್ ಸರಿ ಇರಬೇಕು. ನಮ್ಮ ಕಡೆ ಪಂಪ್ ರೂಮನ್ನು ನೆಲಕ್ಕಿಂತ ಕೆಳಗೆ ಮಾಡುವುದುಂಟು, ಜೋರು ಮಳೆಗೆ ಅಲ್ಲಿ ನೀರು ನಿಲ್ಲುತ್ತದೆ. ಕಂಟ್ರೋಲ್ ಬಾಕ್ಸನ್ನು ಎತ್ತರದ ಗೋಡೆಗೆ, ಎರಚಲು ಬೀಳದ ಕಡೆ ಹಾಕಿಸಿ. ಆಸಿಡ್ ಕ್ಯಾನ್ ಅದರ ಕೆಳಗೆ ಇಡಲೇಬೇಡಿ, ಅದರ ಹೊಗೆಗೆ ಒಳಗಿನ ಬೋರ್ಡ್ ಹಾಳಾಗುತ್ತದೆ.

ಇನ್ನು ಉಪ್ಪು. ಸಾಮಾನ್ಯವಾಗಿ 3000ದಿಂದ 4000 ಪಿಪಿಎಂ ಬೇಕು, ಅಂದರೆ ಲೀಟರಿಗೆ ಮೂರು ನಾಲ್ಕು ಗ್ರಾಂ. ಸಮುದ್ರದ ನೀರು ಸುಮಾರು 35,000 ಪಿಪಿಎಂ, ಹಾಗಾಗಿ ಬಾಯಿಗೆ ಅಷ್ಟೇನೂ ಉಪ್ಪು ಅನ್ನಿಸುವುದಿಲ್ಲ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಪೂಲ್‌ನಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. 3000 ಪಿಪಿಎಂಗೆ 135 ಕಿಲೋ ಉಪ್ಪು. ಆದರೆ ಮೊದಲು ಇದ್ದ ನೀರನ್ನೇ ಅಳೆಯಿರಿ. ಹೊಳೆ ಬದಿಯ ಬಾವಿಗಳು ಏಪ್ರಿಲ್, ಮೇಯಲ್ಲಿ ಉಪ್ಪಾಗುವುದು ಗೊತ್ತೇ ಇದೆಯಲ್ಲ, ಅಷ್ಟನ್ನು ಕಳೆದು ಹಾಕಿ. ಅಡುಗೆಯ ಅಯೋಡಿನ್ ಉಪ್ಪು ಬೇಡ, ಮಣ್ಣು ಸೇರಿದ ಕಲ್ಲುಪ್ಪೂ ಬೇಡ. ಅಯೋಡಿನ್ ಇಲ್ಲದ, ಶುದ್ಧ ಮಾಡಿದ ಉಪ್ಪು ಕೇಳಿ ತನ್ನಿ. ಮೆಷಿನ್ ಆಫ್ ಇಟ್ಟು ಪಂಪ್ ಮಾತ್ರ ಓಡಿಸಿ, ಉಪ್ಪು ಸುರಿದು ಬ್ರಷ್ ಮಾಡಿ, ಒಂದು ದಿನ ಕರಗಲು ಬಿಟ್ಟು ಆಮೇಲೆ ಸೆಲ್ ಆನ್ ಮಾಡಿ. ಹೊಸದಾಗಿ ಸಿಮೆಂಟ್ ಪ್ಲಾಸ್ಟರ್ ಆದ ಪೂಲ್ ಆದರೆ ಒಂದು ತಿಂಗಳು ಕಾಯಿರಿ.

ಈ ಮೆಷಿನ್ ಓಡಿದ ಹಾಗೆ ಪಿಎಚ್ ಏರುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ನೋಡಿ 7.2ರಿಂದ 7.6ರ ಒಳಗೆ ತನ್ನಿ. ಬಿಸಿಲು ಬೀಳುವ ಪೂಲಿಗೆ ಸಯನ್ಯೂರಿಕ್ ಆಸಿಡ್ ಬೇಕೇ ಬೇಕು, ಇಲ್ಲದಿದ್ದರೆ ಹುಟ್ಟಿದ ಕ್ಲೋರಿನ್ ಬಿಸಿಲಿಗೆ ಆವತ್ತೇ ಮುಗಿಯುತ್ತದೆ. ಪ್ಲೇಟುಗಳ ಮೇಲೆ ಬಿಳಿ ಕಲೆ ಕಟ್ಟಿದರೆ ಸೆಲ್ ಬಿಚ್ಚಿ, ನಾಲ್ಕು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕೆಲವು ನಿಮಿಷ ನೆನೆಸಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಯಾವತ್ತೂ ಹಾಕಬಾರದು. ಚಾಕು, ತಂತಿ ತೆಗೆದುಕೊಂಡು ಕೆರೆಯಬೇಡಿ, ಪ್ಲೇಟಿನ ಲೇಪ ಹೋದರೆ ಸೆಲ್ಲೇ ಹೋದ ಹಾಗೆ.

ಕೊನೆಗೆ ಬ್ಯಾಕ್‌ವಾಶ್ ಪೈಪ್, ಅಂದರೆ ಫಿಲ್ಟರ್ ತೊಳೆದ ನೀರು ಹೊರಗೆ ಹೋಗುವ ಪೈಪ್. ಪ್ಲಂಬರ್ ಸುಮ್ನೆ ಹತ್ತಿರದ ಗಿಡದ ಬುಡಕ್ಕೆ ಬಿಟ್ಟು ಹೋಗುತ್ತಾರೆ. ಇನ್ನು ಮುಂದೆ ಅದು ಉಪ್ಪು ನೀರು. ತೆಂಗು ತಡೆದುಕೊಳ್ಳುತ್ತದೆ, ಅಡಿಕೆ ತಡೆಯುವುದಿಲ್ಲ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿದು ಬಾವಿಗೆ ಸೇರುತ್ತದೆ. ಮಳೆಗಾಲದಲ್ಲಿ ಪೂಲ್ ತುಂಬಿ ಹರಿಯುವುದೂ ಇದೇ ನೀರು, ಅದಕ್ಕೂ ದಾರಿ ಬೇಕು. ಅಕ್ಕನ ಮನೆಯಲ್ಲಿ ಪೂಲಿನ ಹಿಂದೆಯೇ ಮಲ್ಲಿಗೆ ಗಿಡಗಳಿದ್ದವು. ಪೈಪನ್ನು ಅಲ್ಲಿಂದ ತಿರುಗಿಸಿ, ಬಾವಿಯಿಂದ ದೂರ, ರಸ್ತೆ ಬದಿಯ ಚರಂಡಿಯವರೆಗೆ ಒಯ್ದೆವು. 12 ಮೀಟರ್ ಪೈಪ್ ಜಾಸ್ತಿ ಹಿಡಿಯಿತು.