ಗೆಳೆಯರೊಂದಿಗೆ ಗಿರಿಗೆ ಬೈಕ್ ಸವಾರಿ: ಎರಡು ದಿನದಲ್ಲಿ ಸುರಕ್ಷಿತವಾಗಿ ಹೋಗಿಬರುವುದು ಹೇಗೆ?

ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು ಭಾನುವಾರ ಸಂಜೆಗೆ ಮನೆ ಸೇರಬೇಕೆನ್ನುವ ಬೈಕ್ ಸವಾರರಿಗೆ ಚಿಕ್ಕಮಗಳೂರಿನ ಗಿರಿಸಾಲು ಹೇಳಿ ಮಾಡಿಸಿದ ದೂರದಲ್ಲಿದೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ.; ಅಲ್ಲಿಂದ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗೆ 20 ಕಿ.ಮೀ. ಆಸುಪಾಸು. ಹಾಸನದವರೆಗಿನ ಹೆದ್ದಾರಿಯಲ್ಲಿ ಒಬ್ಬೊಬ್ಬರಾಗಿ ಚೆನ್ನಾಗಿ ಓಡಿಸಬಲ್ಲವರು ಕೂಡ ಬೆಟ್ಟದ ಆ ಕೊನೆಯ ಹಾದಿಯಲ್ಲಿ ತಂಡವಾಗಿ ಓಡಿಸುವಾಗ ತಪ್ಪು ಮಾಡುತ್ತಾರೆ. ಆದ್ದರಿಂದ ಸಿದ್ಧತೆಯ ಮಾತನ್ನು ಬೇಗ ಮುಗಿಸಿ, ಆ ಹಾದಿಯ ಬಗ್ಗೆ ಹೆಚ್ಚು ಹೇಳುತ್ತೇನೆ.

ಹೊರಡುವ ಮುನ್ನ

ಮೊದಲ ಸಲ ಹೋಗುವವರು ಮಳೆಗಾಲವನ್ನು ಬಿಡುವುದು ಒಳ್ಳೆಯದು. ಗುಡ್ಡ ಕುಸಿತದ ಭಯದ ಜೊತೆಗೆ, ತಿರುವುಗಳಲ್ಲಿ ಹರಿದುಬಂದ ಮಣ್ಣು ಮತ್ತು ಕೊಳೆತ ಎಲೆ ಟೈರಿನ ಹಿಡಿತವನ್ನೇ ತಪ್ಪಿಸುತ್ತವೆ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಹಿತಕರ. ಆದರೆ ಅದೇ ಕಾಫಿ ಕೊಯ್ಲಿನ ಕಾಲವೂ ಆಗಿರುವುದರಿಂದ, ಬೆಳಿಗ್ಗೆ ಮತ್ತು ಸಂಜೆ ತೋಟದ ರಸ್ತೆಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಹೊತ್ತ ಪಿಕಪ್, ಟ್ರ್ಯಾಕ್ಟರ್‌ಗಳು ಎದುರಾಗುತ್ತವೆ ಎಂಬುದು ನೆನಪಿರಲಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸಮಯದಲ್ಲಿ ಪ್ರವಾಸಿಗರಿಗೆ ಗಿರಿಯ ಕಡೆ ನಿರ್ಬಂಧವಿರುತ್ತದೆ. ಉಳಿದ ದಿನಗಳಲ್ಲಿಯೂ ವಾಹನಗಳ ಪ್ರವೇಶದ ಬಗ್ಗೆ ಜಿಲ್ಲಾಡಳಿತದ ನಿಯಮ ಏನಿದೆಯೆಂದು ನೋಡಿಕೊಂಡೇ ತಾರೀಖು ಗೊತ್ತುಮಾಡಿ.

ಬೈಕನ್ನು ಮೆಕ್ಯಾನಿಕ್ ಬಳಿ ಒಯ್ಯುವುದು ಶುಕ್ರವಾರ ರಾತ್ರಿಯ ಕೆಲಸವಲ್ಲ, ಹಿಂದಿನ ವಾರದ ಕೆಲಸ. ಹೊಸದಾಗಿ ಹಾಕಿಸಿದ ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದೂರವಾದರೂ ಓಡಬೇಕು. ಬಿಗಿ ಮಾಡಿಸಿದ ಚೈನ್ ಸರಿಯಾಗಿ ಕೂತಿದೆಯೇ ಎಂಬುದೂ ಓಡಿಸಿದ ಮೇಲೆಯೇ ತಿಳಿಯುತ್ತದೆ. ಹಿಂಬದಿ ಸವಾರರಿದ್ದರೆ ಟೈರಿನ ಗಾಳಿಯನ್ನು ಇಬ್ಬರ ಭಾರಕ್ಕೆ ಕಂಪನಿ ಸೂಚಿಸಿದಷ್ಟು, ಟೈರ್ ತಣ್ಣಗಿರುವಾಗಲೇ ಹಾಕಿಸಿ. ತಂಡಕ್ಕೆ ಒಂದು ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪು ಬೇಕು. ಟ್ಯೂಬ್ ಇರುವ ಕಡ್ಡಿ ಚಕ್ರದ ಬೈಕ್ ಇದ್ದರೆ ಅದಕ್ಕೊಂದು ಟ್ಯೂಬ್ ಕೂಡ ಬೇಕು. ಬ್ಯಾಗ್ ಕಟ್ಟಿದ ಹಗ್ಗದ ತುದಿ ಜೋತಾಡಿಕೊಂಡಿರಬಾರದು, ಅದು ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಐಎಸ್ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ ಇರಲಿ.

ಜಾಕೆಟ್ ಬೇಡವೆನ್ನುವವರಿಗೆ ಒಂದು ಲೆಕ್ಕ ಹೇಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,900 ಮೀಟರ್ ಮೀರುತ್ತದೆ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸರಾಸರಿ ಆರು ಡಿಗ್ರಿಯಷ್ಟು ಇಳಿಯುತ್ತದೆ. ಓಡುವ ಬೈಕಿನ ಮೇಲೆ ಬೀಸುವ ಗಾಳಿ ಅದಕ್ಕೆ ಸೇರಿದಾಗ ಮೊದಲು ಮರಗಟ್ಟುವುದು ಬ್ರೇಕ್ ಹಿಡಿಯುವ ಬೆರಳುಗಳು. ಹಾಗಾಗಿ ಕೈಗವಸು ಮರೆಯಬೇಡಿ.

ಯಾರ ಹಿಂದೆ ಯಾರು?

ಈ ಪ್ರಶ್ನೆಗೆ ಉತ್ತರ ಮನೆಯಲ್ಲಿಯೇ ತೀರ್ಮಾನವಾಗಬೇಕು. ಕೆಲವು ವರ್ಷಗಳ ಹಿಂದೆ ನಾವು ಏಳು ಬೈಕುಗಳಲ್ಲಿ ಹೋಗಿದ್ದಾಗ, ನಮ್ಮಲ್ಲಿ ಹೊಸದಾಗಿ ಓಡಿಸಲು ಕಲಿತವನು ನಿಧಾನವಾಗಿ ಬರಲಿ ಎಂದು ಅವನನ್ನು ಕೊನೆಗೆ ಬಿಟ್ಟೆವು. ಮುಳ್ಳಯ್ಯನಗಿರಿಯ ಹಾದಿಯಲ್ಲಿ ಸಿಗುವ ಸೀತಾಳಯ್ಯನಗಿರಿಗೆ ಮೊದಲೇ ಒಂದು ತಿರುವಿನಲ್ಲಿ ಅವನು ರಸ್ತೆ ಬಿಟ್ಟು ಚರಂಡಿಗೆ ಇಳಿದಿದ್ದ. ಗಾಯವಾಗಲಿಲ್ಲ, ಆದರೆ ಅವನು ಹಿಂದೆ ಇಲ್ಲವೆಂಬುದು ನಮಗೆ ಗೊತ್ತಾದದ್ದು ಹತ್ತು ನಿಮಿಷದ ಮೇಲೆ. ತಪ್ಪು ಅವನದಲ್ಲ, ಅವನನ್ನು ಅಲ್ಲಿ ಬಿಟ್ಟ ನಮ್ಮದು. ಮುಂದಿನ ಬೈಕ್ ತಿರುವು ದಾಟಿ ವೇಗ ಹೆಚ್ಚಿಸಿಕೊಳ್ಳುವಾಗ ಕೊನೆಯದು ಇನ್ನೂ ತಿರುವಿನೊಳಗೇ ಇರುತ್ತದೆ. ಪ್ರತಿ ತಿರುವಿಗೂ ಅಂತರ ಬೆಳೆಯುತ್ತಾ ಹೋಗುವುದರಿಂದ, ಸಾಲಿನ ಕೊನೆಯವನು ಮುಂದಿನವನಿಗಿಂತ ಜೋರಾಗಿ ಓಡಿಸಿದರೆ ಮಾತ್ರ ಜೊತೆಗಿರಬಲ್ಲ. ಅನುಭವವಿಲ್ಲದವರಿಗೆ ಅತ್ಯಂತ ಕಷ್ಟದ ಜಾಗ ಅದೇ.

ಆದ್ದರಿಂದ ಹಾದಿ ಬಲ್ಲವರು ಮೊದಲು, ಅವರ ಬೆನ್ನಿಗೇ ತಂಡದ ಅತಿ ಹೊಸ ಸವಾರರು, ಕೊನೆಯಲ್ಲಿ ಎಲ್ಲರಿಗಿಂತ ನುರಿತವರು ಇರಲಿ. ಮುಂದಿರುವವರು ತಮ್ಮ ಕನ್ನಡಿಯಲ್ಲಿ ಕಾಣುವ ಆ ಹೊಸಬರ ವೇಗವನ್ನೇ ಇಡೀ ತಂಡದ ವೇಗವೆಂದು ತಿಳಿಯಬೇಕು. ಕವಲು ದಾರಿ ಬಂದಲ್ಲೆಲ್ಲ ಪ್ರತಿಯೊಬ್ಬರೂ ತಮ್ಮ ಹಿಂದಿನವರ ಹೆಡ್‌ಲೈಟ್ ಕಾಣುವವರೆಗೆ ನಿಂತು ಮುಂದೆ ಹೋಗಬೇಕು. ಗಿರಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗದಿರುವುದರಿಂದ ಈ ಒಪ್ಪಂದವನ್ನೇ ನಂಬಬೇಕು. ಏಳು ಬೈಕುಗಳಿಗಿಂತ ನಾಲ್ಕೈದು ಬೈಕುಗಳ ತಂಡ ಎಷ್ಟೋ ಮೇಲು. ಹೆದ್ದಾರಿಯಲ್ಲಿ ಒಬ್ಬರು ಲೇನಿನ ಎಡಕ್ಕೆ, ಅವರ ಹಿಂದಿನವರು ಬಲಕ್ಕೆ ಎಂಬಂತೆ ಸಾಗಬಹುದು, ಬೆಟ್ಟದಲ್ಲಿ ಮಾತ್ರ ಒಂದೇ ಸಾಲು.

ಏರುವಾಗ, ಇಳಿಯುವಾಗ

ಚಿಕ್ಕಮಗಳೂರಿನಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡು, ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಹಾದಿ ಕಿರಿದಾಗುತ್ತದೆ. ವೇಗವನ್ನು ತಿರುವಿಗೆ ಮೊದಲೇ, ಬೈಕ್ ನೇರವಾಗಿರುವಾಗಲೇ ಇಳಿಸಿ, ಗೇರ್ ಕೂಡ ಅಲ್ಲಿಯೇ ಬದಲಿಸಿ. ಬಾಗಿರುವ ಬೈಕಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ನೋಟ ತಿರುವಿನ ಆಚೆ ತುದಿಯ ಮೇಲಿರಲಿ: ಕಣ್ಣು ಪ್ರಪಾತ ನೋಡಿದರೆ ಕೈಗಳೂ ಬೈಕನ್ನು ಅತ್ತಲೇ ಒಯ್ಯುತ್ತವೆ. ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ, ನಿಮ್ಮ ಎಡಭಾಗವನ್ನು ಬಿಡಬೇಡಿ. ಎರಡು ವಾಹನ ಹಿಡಿಸದ ಜಾಗದಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಸಂಚಾರ ನಿಯಮವೇ ಆಗಿದೆ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಬೈಕ್ ಉರುಳಿಸುವವರನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಭಯವಾಗುತ್ತದೆ. ಸತತವಾಗಿ ಬ್ರೇಕ್ ಒತ್ತಿಹಿಡಿದರೆ ಪ್ಯಾಡ್ ಮತ್ತು ಬ್ರೇಕ್ ದ್ರವ ಕಾದು, ಬೇಕಾದ ಕ್ಷಣದಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ವೇಗವನ್ನು ತಡೆಯಲಿ. ಎರಡೂ ಬ್ರೇಕುಗಳನ್ನು ಸ್ವಲ್ಪ ಹೊತ್ತು ಒತ್ತಿ ಬಿಡುತ್ತಾ ಬನ್ನಿ. ಮಂಜು ಮುಸುಕಿದರೆ ಹೈಬೀಮ್ ಹಾಕಬೇಡಿ, ಆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಏನೂ ಕಾಣದಾದರೆ ಅಗಲವಾದ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ ಕಾಯಿರಿ. ಫೋಟೊಗೆಂದು ತಿರುವಿನಲ್ಲಿ ನಿಲ್ಲುವುದು ಯಾವ ಹೊತ್ತಿನಲ್ಲಿಯೂ ಸಲ್ಲದು.

ಕತ್ತಲಾಗುವ ಮೊದಲೇ ತಂಗುವ ಮನೆ ಸೇರಿ. ಮಲೆನಾಡಿನ ತೋಟದ ರಸ್ತೆಗಳಲ್ಲಿ ಸಂಜೆಯ ಮೇಲೆ ಕಾಡಾನೆಗಳು ಅಡ್ಡ ಬರುವುದುಂಟು. ಭಾನುವಾರ ಬೆಳಗಿನ ತಿಂಡಿಯಾದ ಕೂಡಲೇ ಹೊರಟರೆ, ನೆಲಮಂಗಲದ ಸಂಜೆಯ ದಟ್ಟಣೆಗೆ ಸಿಗದೆ ದಾಟಬಹುದು. ಅಲ್ಲಿಂದ ತಂಡ ಬೇರೆ ಬೇರೆ ದಾರಿ ಹಿಡಿಯುತ್ತದೆ. ಪ್ರತಿಯೊಬ್ಬರೂ ಮನೆ ತಲುಪಿ ಮೆಸೇಜ್ ಹಾಕಲಿ, ಕೊನೆಯ ಮೆಸೇಜ್ ಬರುವವರೆಗೆ ಮುಂದಾಳು ಫೋನನ್ನು ಪಕ್ಕದಲ್ಲಿಟ್ಟುಕೊಂಡಿರಲಿ.