ವಾರ್ಡಿನ ಗೆರೆ ಸರಿಯಿಲ್ವಾ? ಆಕ್ಷೇಪಣೆ ಬರೆಯುವುದು ಹೀಗೆ

ನಮ್ಮ ಬೀದಿಯ ಎಡಗಡೆ ಮನೆಗಳದ್ದು ಒಂದು ವಾರ್ಡು, ಬಲಗಡೆಯವು ಇನ್ನೊಂದು. ಮೋರಿ ಕಟ್ಟಿಕೊಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ಜಗಳ. ಗೆರೆ ಎಳೆಯುವ ಮುಂಚೆ ಕರಡು ಹೊರಡಿಸಿದ್ದರಂತೆ, ಆಕ್ಷೇಪಣೆಗೆ ಸಮಯವೂ ಇತ್ತಂತೆ. ನಮಗೆ ಗೊತ್ತಾದದ್ದು ಮತದಾನದ ದಿನ, ಎದುರು ಮನೆಯವರು ಬೇರೆ ಮತಗಟ್ಟೆ ಕಡೆ ಹೊರಟಾಗ.

ಗೆರೆ ಬದಲಾಗುವುದು ಅಪರೂಪದ ಸಂಗತಿಯೇನಲ್ಲ. ಬೆಂಗಳೂರನ್ನೇ ನೋಡಿ. 2010ರ ಪಾಲಿಕೆ ಚುನಾವಣೆ ನಡೆದದ್ದು 198 ವಾರ್ಡುಗಳಲ್ಲಿ. 2022ರಲ್ಲಿ ಅವು 243 ಆದವು, 2023ರಲ್ಲಿ 225. 2025ರಲ್ಲಿ ಪಾಲಿಕೆಯೇ ಐದು ಹೋಳಾಗಿ ಮತ್ತೆ ಹೊಸ ವಾರ್ಡುಗಳು ಬಂದವು. ಹಾಗಾಗಿ ಮುಂದಿನ ಕರಡು ಬರುವಾಗ ಏನು ಮಾಡಬೇಕು ಅಂತ ಈಗಲೇ ತಿಳಿದಿಟ್ಟುಕೊಳ್ಳಿ.

ಮೊದಲು ಕರಡು ಕೈಗೆ ಸಿಗಬೇಕು

ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಬರುತ್ತದೆ. ನಗರಾಡಳಿತದ ಕಚೇರಿಯಲ್ಲಿ, ವೆಬ್‌ಸೈಟಿನಲ್ಲಿ ಕೂಡ ಹುಡುಕಿ. 2022ರಲ್ಲಿ ಬೆಂಗಳೂರಿನವರಿಗೆ ಸಿಕ್ಕಿದ್ದು 15 ದಿನ. ನಡುವೆ ಎರಡು ರಜೆ ಬಂದರೆ ಇನ್ನೇನು ಉಳಿಯಿತು? ಬಡಾವಣೆಯ ಸಂಘದಲ್ಲಿ ಒಬ್ಬರಿಗೆ ಇದೇ ಕೆಲಸ ವಹಿಸುವುದು ಒಳ್ಳೆಯದು.

ಚೆಕ್ಕುಬಂದಿ ಓದಿ, ನಡೆದು ನೋಡಿ

ಸೈಟು ಕೊಂಡವರಿಗೆ ಚೆಕ್ಕುಬಂದಿ ಗೊತ್ತೇ ಇರುತ್ತದೆ. ವಾರ್ಡಿಗೂ ಹಾಗೆಯೇ: ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಕಾಲುವೆ. ಓದಿದರೆ ತಲೆ ತಿರುಗುತ್ತದೆ. ಅದಕ್ಕೇ ನಕ್ಷೆ ಹಿಡಿದುಕೊಂಡು ಒಂದು ಸಂಜೆ ಸುಮ್ನೆ ಆ ಗಡಿಯ ಗುಂಟ ನಡೆಯಿರಿ. ರಾಜಕಾಲುವೆ, ರೈಲು ಹಳಿ, ದೊಡ್ಡ ರಸ್ತೆ ಗಡಿಯಾದರೆ ಸಹಜ. ಸಣ್ಣ ಅಡ್ಡರಸ್ತೆಯಲ್ಲಿ ಗೆರೆ ತಟ್ಟನೆ ಒಳಗೆ ನುಗ್ಗಿ, ನಾಲ್ಕು ಬೀದಿ ಸುತ್ತಿ ಮತ್ತೆ ಹೊರಗೆ ಬಂದಿದ್ದರೆ ಅಲ್ಲಿ ನಿಲ್ಲಿ. ಆ ನಾಲ್ಕು ಬೀದಿಯಲ್ಲಿ ಯಾರಿದ್ದಾರೆ, ಅವರ ವೋಟು ಯಾರಿಗೆ ಬೇಕು, ಯಾರಿಗೆ ಬೇಡ? ಉತ್ತರ ಅಲ್ಲಿನ ಟೀ ಅಂಗಡಿಯಲ್ಲೇ ಸಿಗಬಹುದು. ಆದರೆ ಅದನ್ನು ಅರ್ಜಿಯಲ್ಲಿ ಬರೆಯಬೇಡಿ.

ಲೆಕ್ಕ ಹಾಕಿ

ಒಟ್ಟು ಜನಸಂಖ್ಯೆಯನ್ನು ವಾರ್ಡುಗಳ ಸಂಖ್ಯೆಯಿಂದ ಭಾಗಿಸಿ. 2011ರ ಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನ ಸುಮಾರು 84.4 ಲಕ್ಷ. 243 ವಾರ್ಡಾದರೆ ತಲಾ 34,700 ಆಸುಪಾಸು. ವಿಧಾನಸಭೆ, ಲೋಕಸಭೆ ಕ್ಷೇತ್ರಗಳ ಗೆರೆ ಎಳೆಯಲು 2002ರಲ್ಲಿ ರಚನೆಯಾದ ಕ್ಷೇತ್ರ ಮರುವಿಂಗಡಣಾ ಆಯೋಗ ಸರಾಸರಿಗಿಂತ ಶೇ 10ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿತ್ತು. ಅದೇ ಅಳತೆಗೋಲು ಹಿಡಿದರೆ 31,000ದಿಂದ 38,000ದವರೆಗೆ ಪರವಾಗಿಲ್ಲ.

ಇಲ್ಲೊಂದು ಕಣ್ಕಟ್ಟು ಇದೆ. ಈ ಲೆಕ್ಕವೆಲ್ಲ 2011ರದ್ದು. ಊರಂಚಿನಲ್ಲಿ ಆಗ ರಾಗಿ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳಿವೆ. ಕಾಗದದಲ್ಲಿ ಎರಡೂ ವಾರ್ಡು ಸಮ, ನೆಲದ ಮೇಲೆ ಒಂದರಲ್ಲಿ ಜನ ಜಾಸ್ತಿ. ಅದಕ್ಕೆ ಈಗಿನ ಮತದಾರರ ಪಟ್ಟಿಯ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಬರೆಯುವಾಗ ಬದಲಿ ಗೆರೆ ಕೊಡಿ

‘ಇದು ಅನ್ಯಾಯ, ಕೂಡಲೇ ಸರಿಪಡಿಸಿ’ ಅಂತ ನೂರು ಜನ ಸಹಿ ಹಾಕಿದರೂ ಅಧಿಕಾರಿ ಏನು ಮಾಡಲು ಸಾಧ್ಯ? ಅವರಿಗೆ ಬೇಕಾದದ್ದು ಇನ್ನೊಂದು ಗೆರೆ. ಹೀಗೆ ಬರೆಯಿರಿ: ‘ಕರಡಿನಲ್ಲಿ 3ನೇ ಅಡ್ಡರಸ್ತೆಯನ್ನು ದಕ್ಷಿಣದ ಗಡಿ ಮಾಡಲಾಗಿದೆ. ಇದರಿಂದ ನಮ್ಮ ಬಡಾವಣೆ ಎರಡಾಗುತ್ತದೆ. ಬದಲಿಗೆ ರಾಜಕಾಲುವೆಯನ್ನೇ ಗಡಿ ಮಾಡಿ. ಆಗ ನಮ್ಮ ವಾರ್ಡಿಗೆ 1,200 ಜನ ಸೇರುತ್ತಾರೆ, ಪಕ್ಕದ ವಾರ್ಡಿನಲ್ಲಿ ಅಷ್ಟೇ ಜನ ಕಡಿಮೆಯಾಗುತ್ತಾರೆ. ಎರಡೂ ಶೇ 10ರ ಮಿತಿಯೊಳಗೇ ಇರುತ್ತವೆ.’ ಪಕ್ಕದ ವಾರ್ಡಿನ ಲೆಕ್ಕ ಬಿಟ್ಟರೆ ನಿಮ್ಮ ಅರ್ಜಿ ಅಲ್ಲಿಗೇ ಬಿತ್ತು. ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದು ಲಗತ್ತಿಸಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

ಅದೇ ಪತ್ರದ ಕೊನೆಗೆ ಇನ್ನೆರಡು ಬೇಡಿಕೆ ಇಡಬಹುದು: ಬಹಿರಂಗ ವಿಚಾರಣೆ ನಡೆಸಿ, ಆಕ್ಷೇಪಣೆ ತಳ್ಳಿಹಾಕಿದರೆ ಕಾರಣ ಪ್ರಕಟಿಸಿ. ವಾರ್ಡಿನ ಗೆರೆಗೆ ಅಂತಿಮ ಮುದ್ರೆ ಒತ್ತುವುದು ರಾಜ್ಯ ಸರ್ಕಾರ. ಅಂದರೆ ಆಟಗಾರರೇ ಅಂಕಣ ಗುರುತು ಮಾಡಿದ ಹಾಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಜನರೇ ಮತ ಹಾಕಿ ರಾಜ್ಯ ಶಾಸನಸಭೆಯ ಕ್ಷೇತ್ರಗಳ ಗೆರೆ ಎಳೆಯುವ ಕೆಲಸವನ್ನು ಶಾಸಕರ ಕೈಯಿಂದ ಕಿತ್ತುಕೊಂಡರು. ಅಲ್ಲಿನ ಆಯೋಗದಲ್ಲಿ 14 ನಾಗರಿಕರು: ಎರಡು ದೊಡ್ಡ ಪಕ್ಷಗಳ ಕಡೆಯಿಂದ ತಲಾ ಐವರು, ಎರಡಕ್ಕೂ ಸೇರದ ನಾಲ್ವರು. ಪಕ್ಷದ ಜಗಳ ಅದರಿಂದ ನಿಂತಿಲ್ಲ, ಆದರೂ ಕೇಳುವುದರಲ್ಲಿ ತಪ್ಪಿಲ್ಲ, ಅಲ್ವಾ?

ವಿಧಾನಸಭೆ, ಲೋಕಸಭೆ ಕ್ಷೇತ್ರವಾದರೆ

ಇಲ್ಲಿ ಗೆರೆ ಎಳೆಯುವುದು ರಾಜ್ಯ ಸರ್ಕಾರವಲ್ಲ, ಮೇಲೆ ಹೇಳಿದ ಕ್ಷೇತ್ರ ಮರುವಿಂಗಡಣಾ ಆಯೋಗ. ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಅದರಲ್ಲಿ ಸಹಸದಸ್ಯರಾಗಿ ಕೂರುತ್ತಾರೆ, ಆದರೆ ಅವರಿಗೆ ಮತವಿಲ್ಲ. ಅವರ ಭಿನ್ನ ಪ್ರಸ್ತಾವಗಳು ಕರಡಿನ ಜೊತೆಗೇ ಅಚ್ಚಾಗಬಹುದು. ಅವನ್ನು ಬಿಡದೆ ಓದಿ, ಎಲ್ಲಿ ಎಳೆದಾಟ ನಡೆದಿದೆ ಅಂತ ಅಲ್ಲೇ ತಿಳಿಯುತ್ತದೆ. 2002ರ ಆಯೋಗ ಎಳೆದ ಗೆರೆಗಳಲ್ಲಿ ಮೊದಲು ಚುನಾವಣೆಗೆ ಹೋದ ರಾಜ್ಯ ನಮ್ಮದೇ, 2008ರಲ್ಲಿ. ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಯಿತು. ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರಗಳು 2ರಿಂದ 15ಕ್ಕೆ ಏರಿದವು.

ಈ ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲವಿದೆ. ಸಂವಿಧಾನದ 329ನೇ ವಿಧಿ ಕೋರ್ಟಿನ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಹಾಗಾಗಿ ಹೇಳುವುದನ್ನೆಲ್ಲ ಕರಡಿನ ಹಂತದಲ್ಲೇ ಹೇಳಿಬಿಡಿ.

ಅಂತಿಮ ಅಧಿಸೂಚನೆ ಬಂದ ದಿನ ಚೆಕ್ಕುಬಂದಿಯನ್ನು ಮತ್ತೊಮ್ಮೆ ಓದಿ. ನಂತರ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ವಾರ್ಡಿನ ಯಾವ ಭಾಗದಲ್ಲಿದೆ ಅಂತ ನೋಡಿಕೊಳ್ಳಿ. ಎದುರು ಮನೆಯವರದ್ದನ್ನೂ.