ಮಾಳಿಗೆ ಮಣ್ಣು ಉದುರಿದ ದಿನ

ನಾನು ಅಗ್ನಿಶಾಮಕ ದಳ ಸೇರಿ ಎರಡು ವರ್ಷ ಆಗಿತ್ತು. ವಿಜಯಪುರ ಜಿಲ್ಲೆಯ ಒಂದು ಹಳ್ಳಿ, ಹಳೇ ಮನೆ, ಮಣ್ಣಿನ ಮಾಳಿಗೆ. ಒಳಗೆ ಪೇರಿಸಿಟ್ಟ ಕಣಿಕೆಗೆ ಬೆಂಕಿ ಬಿದ್ದಿತ್ತು. ಮನೆಯವರು ದನ ಬಿಚ್ಚಿಕೊಂಡು ಆಗಲೇ ಹೊರಗೆ ಬಂದಿದ್ದರು. ನಾನು ಹೋಸ್ ಎಳೆದುಕೊಂಡು ಒಳಗೆ ಹೋಗಿ ನೀರು ಹೊಡೆಯುತ್ತಿದ್ದೆ, ಉರಿ ತಗ್ಗುತ್ತಿತ್ತು, ಇನ್ನೇನು ಮುಗೀತು ಅನ್ನುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನಮ್ಮ ಸಾಹೇಬರು ಕೂಗಿದರು: "ತಮ್ಮಾ, ಪೈಪ್ ಅಲ್ಲೇ ಬಿಡು, ಹೊರಗ ಬಾ!"

ಸಿಟ್ಟು ಬಂತು. ಆದರೂ ಬಂದೆ. ಸ್ವಲ್ಪ ಹೊತ್ತಿಗೆ ತೊಲೆ ಮುರಿದು ಇಡೀ ಮಾಳಿಗೆ ನಾನು ನಿಂತಿದ್ದ ಜಾಗಕ್ಕೇ ಬಿತ್ತು.

ಹೆಂಗ್ ಗೊತ್ತಾತ್ರಿ ಅಂತ ಕೇಳಿದರೆ "ಯಾಕೋ ಸರಿ ಅನಸ್ಲಿಲ್ಲ" ಅಂದರು, ಅಷ್ಟೇ. ಠಾಣೆಗೆ ಬಂದು ಚಹಾ ಕುಡಿಯುವಾಗ ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಗೆ ಬಂತು. ಜಂತಿಗಳ ಸಂದಿನಿಂದ ಮಣ್ಣು ಸಣ್ಣಗೆ ಉದುರುತ್ತಿತ್ತಂತೆ. ನಾನು ಹೊಡೆದ ನೀರು ಕುಡಿದು ಮೇಲಿನ ಮಣ್ಣು ಭಾರ ಆಗುತ್ತಿತ್ತು, ಕೆಳಗೆ ಕಟ್ಟಿಗೆ ಸುಟ್ಟು ಸೊರಗುತ್ತಿತ್ತು. ಇಂಥದ್ದೇ ಒಂದು ಮನೆ ಬಿದ್ದದ್ದನ್ನು ಅವರು ಹಿಂದೆ ನೋಡಿದ್ದರು. ನಾನು ಬೆಂಕಿಯನ್ನಷ್ಟೇ ನೋಡುತ್ತಿದ್ದೆ, ಅವರು ಮಾಳಿಗೆ ನೋಡುತ್ತಿದ್ದರು.

ಅಮೆರಿಕದ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ಅಧಿಕಾರಿಗಳನ್ನು ಮಾತಾಡಿಸಿ ಕಂಡುಕೊಂಡದ್ದೂ ಇದನ್ನೇ. ಅನುಭವಸ್ಥರು ನಾಲ್ಕು ದಾರಿ ಮುಂದಿಟ್ಟುಕೊಂಡು ತೂಗಿ ನೋಡುತ್ತಾ ಕೂಡುವುದು ಕಡಿಮೆ. ಹಿಂದೆ ಕಂಡದ್ದರ ಗುರುತು ಹಿಡಿಯುತ್ತಾರೆ, ಮೊದಲು ಹೊಳೆದದ್ದು ಇಲ್ಲಿ ನಡೆಯುತ್ತದಾ ಅಂತ ಮನಸ್ಸಿನಲ್ಲೇ ನೋಡಿಕೊಂಡು ಕೈ ಹಾಕುತ್ತಾರೆ.

ಆದರೆ ಕಾಣದೇ ಇದ್ದದ್ದರ ಗುರುತು ಯಾರಿಗೂ ಸಿಗುವುದಿಲ್ಲ, ಅಲ್ವಾ? ವರ್ಷಗಳಾದ ಮೇಲೆ ಬಾಗಲಕೋಟೆ ಕಡೆ ಒಂದು ಹತ್ತಿ ಗೋದಾಮಿಗೆ ಹೋಗಿದ್ದೆವು. ಈಗ ಹುಡುಗರಿಗೆ ಹೇಳುವವನು ನಾನು. ರೂಢಿಯಂತೆ ಮೇಲೆ ನೋಡಿದೆ. ತಗಡಿನ ಚಾವಣಿ, ಏನೂ ಉದುರುತ್ತಿರಲಿಲ್ಲ, ನೆಮ್ಮದಿ ಆಯಿತು. ಆಗ ಹೊಸ ಹುಡುಗನೊಬ್ಬ "ಸರ್, ಕಬ್ಬಿಣದ ತೊಲಿ ಬಾಗಾಕತ್ತೈತ್ರಿ" ಅಂದ. ಸುಮಾರು 550 ಡಿಗ್ರಿ ಸೆಲ್ಸಿಯಸ್‌ ಹೊತ್ತಿಗೆ ಉಕ್ಕಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದು ಕರಗುವ ತನಕ ಕಾಯಬೇಕಿಲ್ಲ, ಅದಕ್ಕೂ ಎಷ್ಟೋ ಮೊದಲೇ ಬೀಳುತ್ತದೆ. ತರಬೇತಿಯಲ್ಲಿ ನಾನೂ ಕೇಳಿದ್ದೆ, ಆ ಹೊತ್ತಿಗೆ ನೆನಪಿಗೆ ಬಂದದ್ದು ಮಾತ್ರ ಹಳ್ಳಿಯ ಮಣ್ಣು. ಎಲ್ಲರನ್ನೂ ಹಿಂದಕ್ಕೆ ಕರೆದೆ, ಹೊರಗಿನಿಂದಲೇ ನೀರು ಹೊಡೆದೆವು.

ಅಂದಿನಿಂದ ಪ್ರತಿ ಕಾಲ್ ಮುಗಿಸಿ ಬಂದ ಮೇಲೆ, ಹೋಸ್ ಒಣಗಲು ಹಾಕಿ ಎಲ್ಲರೂ ಕೂಡುತ್ತೇವೆ. ಏನು ಮಾಡಿದಿರಿ ಅಂತ ಕೇಳುವುದಿಲ್ಲ, ಏನು ಕಾಣಿಸಿತು ಅಂತ ಕೇಳುತ್ತೇನೆ. ಮೊದಲ ಮಾತು ಎಲ್ಲರಿಗಿಂತ ಕಿರಿಯನದು, ನನ್ನದು ಕೊನೆಗೆ.